ಹದಿನೆಂಟು ಮಾರು ತಂತಿ

ನಮ್ಮ ಊರಿನಲ್ಲಿ ದನಿ ಹೊಸ್ತಿಲು ದಾಟುವುದಿಲ್ಲ. ಮನುಷ್ಯ ದಾಟುತ್ತಾನೆ, ನಾಯಿ ದಾಟುತ್ತದೆ, ಒಗ್ಗರಣೆಯ ವಾಸನೆಯಂತೂ ಮೂರು ಮನೆ ದಾಟಿ ಹೋಗುತ್ತದೆ. ದನಿ ಮಾತ್ರ ಹೊಸ್ತಿಲ ತನಕ ಬಂದು ಅಲ್ಲೇ ನಿಂತುಬಿಡುತ್ತದೆ. ಅಡುಗೆಮನೆಯಲ್ಲಿ ಕೊಳಗ ಬಿದ್ದರೂ ನಡುಮನೆಯಲ್ಲಿ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಸೊಪ್ಪು ಮಾರುವವಳು ಬೀದಿಯಲ್ಲಿ ಕೂಗಿ ಗಂಟಲು ಹರಿದುಕೊಳ್ಳುವುದಿಲ್ಲ. ಪ್ರತಿ ಮನೆಯ ಬಾಗಿಲೊಳಕ್ಕೂ ತಲೆ ತೂರಿಸಿ 'ಸೊಪ್ಪೂ' ಅನ್ನುತ್ತಾಳೆ, ತಲೆ ಹಿಂದಕ್ಕೆ ಎಳೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಹೊಸದಾಗಿ ಮದುವೆಯಾದವರಿಗೆ ಇದರಿಂದ ಬಲು ಅನುಕೂಲ. ತೊಟ್ಟಿಲಲ್ಲಿ ಮಗು ಇರುವವರಿಗೆ ಫಜೀತಿ.

ಬೇರೆ ಊರುಗಳಲ್ಲಿ ಹೊಸ್ತಿಲ ಮೇಲೆ ಕೂತರೆ ದರಿದ್ರ ಅನ್ನುತ್ತಾರಂತೆ. ನಮ್ಮಲ್ಲಿ ಕೂರಿಸುತ್ತಿದ್ದರು. ನಮ್ಮಜ್ಜಿಯ ಕಾಲದಲ್ಲಿ ಮನೆಗೊಬ್ಬಳು ಹೊಸ್ತಿಲಜ್ಜಿ ಇರುತ್ತಿದ್ದಳು. ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ ಇಟ್ಟುಕೊಂಡು ಒಳಗಿನವರ ಮಾತನ್ನು ಹೊರಗಿನವರಿಗೆ, ಹೊರಗಿನವರದ್ದನ್ನು ಒಳಗಿನವರಿಗೆ ಮುಟ್ಟಿಸುವುದು ಅವಳ ಕೆಲಸ. ಮುಟ್ಟಿಸುವಾಗ ಉಪ್ಪು ಖಾರ ಹಾಕದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಸೊಸೆ ಒಳಗಿನಿಂದ 'ಮಾವನವರಿಗೆ ಕಾಫಿ ಬೇಕಂತಾ?' ಎಂದು ಕೇಳಿದರೆ, 'ದಿನಕ್ಕೆ ಎಷ್ಟು ಸಲ ಕುಡೀತಾರೆ ಅಂತಾಳಪ್ಪ ನಿನ್ನ ಸೊಸೆ' ಎಂದು ಹೊರಗೆ ದಾಟಿಸುತ್ತಿದ್ದಳು. ಹಾಗೆ ಒಡೆದ ಮನೆಗಳು ಒಂದೆರಡಲ್ಲ. ಅದಕ್ಕೇ ತಂತಿ ಬಂದಾಗ ಊರಿಗೆ ಊರೇ ನಿರಾಳವಾಯಿತು. ತಂತಿಗೆ ಹೊಟ್ಟೆಕಿಚ್ಚಿಲ್ಲ, ಸೊಸೆಯ ಮೇಲೆ ಹಗೆಯಿಲ್ಲ. ಎದುರಿಗೆ ನಿಂತು ಆಡಿದ ಮಾತನ್ನಾದರೂ ಜನ ಅನುಮಾನಿಸಿಯಾರು, ತಂತಿಯಲ್ಲಿ ಬಂದದ್ದನ್ನು ಅನುಮಾನಿಸುವುದಿಲ್ಲ. 'ತಂತಿ ಮಾತೇ ಮಾತು' ಅನ್ನುವುದು ನಮ್ಮಲ್ಲಿ ಗಾದೆಯೇ ಆಗಿಹೋಗಿದೆ.

ಆ ತಂತಿ ಎಳೆಯುವವನು ನಾನು. ಹೆಸರು ಚನ್ನವೀರ, ಊರಿಗೆಲ್ಲ ತಂತಿ ವೀರಣ್ಣ. ನಡುಮನೆಯಲ್ಲಿ ಒಂದು ಆಂಪ್ಲಿಫೈಯರು, ಕೋಣೆಗೊಂದು ಸ್ಪೀಕರು. ಸ್ಪೀಕರಿನ ಗುಂಡಿ ಒತ್ತಿ ಮಾತಾಡಿದರೆ ಅದೇ ಕಿವಿ, ಬಿಟ್ಟರೆ ಅದೇ ಬಾಯಿ. ಬೆಳಗಿನ ಹಾಡು, ಮಧ್ಯಾಹ್ನದ ಊಟದ ಕರೆ, ಸಂಜೆಯ ಜಗಳ ಎಲ್ಲವೂ ಅದರಲ್ಲೇ ನಡೆಯಬೇಕು. ಆಂಪ್ಲಿಫೈಯರಿನ ಬಗ್ಗೆ, ಸ್ಪೀಕರಿನ ಬಗ್ಗೆ ಎಲ್ಲರೂ ಪಂಡಿತರೇ. ನಡುವೆ ಇರುವ ತಂತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೆಣ್ಣು ಗಂಡು ಇಬ್ಬರನ್ನೂ ನೋಡಿ, ಮದುವೆ ಮಾಡಿಸಿದವನನ್ನು ಊಟಕ್ಕೂ ಕರೆಯದ ಹಾಗೆ.

ನನಗೆ ಕೆಲಸ ಕಲಿಸಿದವರು ಖಾಸಿಂ ಉಸ್ತಾದರು. ತಂತಿ ಕೈಗೆ ಬಂದರೆ ಮೊದಲು ಚಾಕುವಿನಿಂದ ಕೆರೆದು ನೋಡುತ್ತಿದ್ದರು. ಒಳಗೆಲ್ಲ ತಾಮ್ರವೇ ಇದ್ದರೆ ಸರಿ, ಮೇಲೆ ತಾಮ್ರದ ಬಣ್ಣ ಒಳಗೆ ಬಿಳಿ ಲೋಹ ಕಂಡರೆ ಅಂಗಡಿಯವನ ಮುಖಕ್ಕೇ ಎಸೆಯುತ್ತಿದ್ದರು. ಕರೆಂಟಿನ ತಂತಿಯ ಮಗ್ಗುಲಲ್ಲಿ ನಮ್ಮ ತಂತಿ ಮಲಗಿಸಕೂಡದು, ಗುಂಯ್ ಅನ್ನುತ್ತದೆ. ಎಡಬಲ ಎರಡು ಸ್ಪೀಕರಿಗೂ ಒಂದೇ ಅಳತೆಯ ತಂತಿ ಕೊಡಬೇಕು. ಇವೆಲ್ಲ ಅವರ ಕಟ್ಟಳೆಗಳು. ಎಲ್ಲಕ್ಕಿಂತ ದೊಡ್ಡದು ಉದ್ದದ್ದು. "ನಾಕು ಮಾರಿಗೆ ಯಾವ ತಂತಿ ಆದ್ರೂ ನಡೀತದೆ ವೀರಾ. ದೂರ ಹೋಗೋನಿಗೆ ಬುತ್ತಿ ದಪ್ಪ ಕಟ್ಟಬೇಕು" ಅನ್ನುತ್ತಿದ್ದರು. ಅವರ ಕೈಕೆಳಗೆ ಸೇರಿದ ಹೊಸತರಲ್ಲಿ ನಾನೊಮ್ಮೆ ಹತ್ತು ಮಾರು ಎಂದು ಅಳೆದುಕೊಂಡು ಬಂದಾಗ ತಲೆಯ ಮೇಲೊಂದು ಮೊಟಕಿದರು. "ಮನೆಯಿಂದ ಹೊರಡ್ವಾಗ ಯಾರಾದ್ರೂ ಹೋಗ್ತೀನಿ ಅಂತಾರೇನೋ? ಹೋಗಿ ಬರ್ತೀನಿ ಅಂತಾರೆ. ದನಿನೂ ಹಂಗೇ. ಒಂದೆಳೇಲಿ ಹೋಗ್ತದೆ, ಇನ್ನೊಂದೆಳೇಲಿ ಬರ್ತದೆ. ನೀ ಹೋಗೋದನ್ನ ಮಾತ್ರ ಅಳ್ದಿದೀಯ. ಹತ್ತಲ್ಲ ಅದು, ಇಪ್ಪತ್ತು." ಆಮೇಲೆ ಎಷ್ಟೋ ವರ್ಷ ನಾನು ಅಳೆದದ್ದನ್ನೆಲ್ಲ ಎರಡರಿಂದ ಗುಣಿಸಿಯೇ ತಂತಿಯ ದಪ್ಪ ಆರಿಸಿದೆ.

ಉಸ್ತಾದರು ತೀರಿಕೊಂಡ ಮೇಲೆ ಊರಿಗೆ ಹೊಸ ಸಣ್ಣ ತಂತಿ ಬಂತು. ಬಿಳಿ ಬಣ್ಣ, ಬಟ್ಟೆ ಒಣಹಾಕುವ ದಾರಕ್ಕಿಂತ ತೆಳು. ಸುಣ್ಣದ ಗೋಡೆಯ ಮೇಲೆ ಎಳೆದರೆ ಕಾಣುವುದೇ ಇಲ್ಲ. ಅದನ್ನು ಮೊದಲು ಕೇಳಿದವರು ಕರಿಬಸಪ್ಪನವರು. ಹಿತ್ತಾಳೆ ಪಾತ್ರೆಯ ವ್ಯಾಪಾರ ಮಾಡಿ, ಮಂಡಿನೋವು ಶುರುವಾದ ಮೇಲೆ ಅಂಗಡಿ ಬಿಟ್ಟು ನಡುಮನೆಯ ಕುರ್ಚಿ ಹಿಡಿದವರು. ಹೆಂಡತಿ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು, ನೀಲಾಂಬಿಕೆ. ಅವರದು ರೈಲು ಬೋಗಿಯಂಥ ಮನೆ, ಒಂದು ಕೋಣೆಯ ಹಿಂದೆ ಇನ್ನೊಂದು, ಒಟ್ಟು ಒಂಬತ್ತು ಹೊಸ್ತಿಲು. ಕಟ್ಟಕಡೆಯ ಕೋಣೆಯಲ್ಲಿ ನೀಲಾಂಬಿಕೆ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದಳು. ಸ್ವರ ಕೆಟ್ಟವು, ತಿದಿ ಹರಿದವು, ಇಲಿ ಕಡಿದವು ಎಲ್ಲ ಅವಳ ಹತ್ತಿರವೇ ಬರುತ್ತಿದ್ದವು. ತಾಯಿಯಿಂದ ಬಂದ ವಿದ್ಯೆ.

ನಾಲ್ಕು ವರ್ಷದ ಹಿಂದೆ ನಾನು ದಪ್ಪ ತಂತಿಯ ಸುರುಳಿ ಹೊತ್ತು ಅವರ ಮನೆಗೆ ಹೋದಾಗ ಕರಿಬಸಪ್ಪನವರು ಮುಖ ಕಿವುಚಿದರು. ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು. "ಇದೇನು ವೀರಣ್ಣ, ಗೋಡೆ ಮೇಲೆ ಹಾವು ಹರ್ದಂಗೆ ಕಾಣುತ್ತೆ. ಆ ಹೊಸ ಸಣ್ಣದು ಬಂದಿದೆಯಂತಲ್ಲ, ಅದ್ನ ಎಳಿ" ಅಂದರು. ನಾನು ಅಳೆದೆ. ನಡುಮನೆಯಿಂದ ಕಡೆಯ ಕೋಣೆಗೆ ಹದಿನೆಂಟು ಮಾರು. ಸಣ್ಣ ತಂತಿಯ ಸುರುಳಿಯ ಚೀಟಿಯಲ್ಲಿ ಇಪ್ಪತ್ತು ಮಾರಿನ ತನಕ ಅಡ್ಡಿಯಿಲ್ಲ ಎಂದು ಬರೆದಿತ್ತು. ಹದಿನೆಂಟು ಇಪ್ಪತ್ತಕ್ಕಿಂತ ಕಡಿಮೆ ತಾನೇ ಅಂದುಕೊಂಡೆ. ಬರುವುದನ್ನು ಮರೆತೆ. ಮರೆತೆ ಅನ್ನುವುದೂ ಪೂರ್ತಿ ನಿಜವಲ್ಲ. ಯಜಮಾನರಿಗೆ ಇಷ್ಟವಾಗಿದೆ, ಹೊಸ ಸಾಮಾನು, ಹೊರಲು ಹಗುರ, ಗೋಡೆಗೆ ಮೊಳೆ ಹೊಡೆಯುವ ಕಷ್ಟವಿಲ್ಲ. ಮರೆಯುವುದಕ್ಕೆ ಅನುಕೂಲವಾಗಿತ್ತು, ಮರೆತೆ.

ಕೆಲಸ ಮುಗಿದ ಮೇಲೆ ಹಾಡು ಹಾಕಿ ನೋಡಿದೆವು. ಕಡೆಯ ಕೋಣೆಯಲ್ಲಿ ಸೊಗಸಾಗಿಯೇ ಕೇಳಿಸಿತು. ಹಾಡಿನಲ್ಲಿ ಒಂದು ಸೌಕರ್ಯವಿದೆ. ಕೊನೆಯ ಪದ ಹೋದರೂ ಪಲ್ಲವಿ ತಿರುಗಿ ಬರುತ್ತದೆ, ಕೇಳುವವರಿಗೆ ಏನೂ ಹೋಗಿದ್ದು ಗೊತ್ತಾಗುವುದಿಲ್ಲ. ಕರಿಬಸಪ್ಪನವರ ಗೋಡೆ ನೋಡಿ ಊರಿನ ಉದ್ದ ಮನೆಯವರೆಲ್ಲ ಅಂಥದ್ದೇ ಬೇಕೆಂದರು. ನಾನೂ ಎಳೆಯುತ್ತ ಹೋದೆ. ನಲವತ್ತು ಮನೆಗಾದರೂ ಎಳೆದಿರಬೇಕು. ಅದಾದ ಮೇಲೆ ಆ ಮನೆಗಳ ಜನಕ್ಕೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು, ಯಾವ ಮಾತಿಗೂ ಕೊನೆಯಲ್ಲಿ 'ಆಯ್ತಾ' ಸೇರಿಸುವುದು. 'ನಂಗೆ ಊಟ ಬೇಡ, ಆಯ್ತಾ', 'ಬಾಗಿಲು ಹಾಕಿಲ್ಲ, ಆಯ್ತಾ.' ಇದು ಪೇಟೆಯ ಕಡೆಯ ಫ್ಯಾಶನ್ನು ಎಂದು ನಾನು ನಗುತ್ತಿದ್ದೆ. ಮಕ್ಕಳಂತೂ ಕೊನೆಯ ಮಾತನ್ನು ಎರಡೆರಡು ಸಲ ಹೇಳಲು ಕಲಿತಿದ್ದವು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀಲಾಂಬಿಕೆಗೆ ಮಾತ್ರ ಆ ಅಭ್ಯಾಸ ಬರಲಿಲ್ಲ. ಅವಳದು ಮೊದಲಿಂದಲೂ ಕಡಿಮೆ ಮಾತು. ಹೇಳುವುದನ್ನು ಒಂದು ಸಲ ಹೇಳಿ ಬಾಯಿ ಮುಚ್ಚುವ ಹುಡುಗಿ.

ಈಚೆಗೆ ಅವಳಿಗೆ ಸಂಬಂಧ ಬಂತು. ಗಂಡು ಅಕ್ಕಿ ಗಿರಣಿಯ ಮನೆಯವನು. ನಮ್ಮೂರಲ್ಲಿ ಮದುವೆಗೆ ಮುಂಚೆ ತಂತಿಶಾಸ್ತ್ರ ಎಂದು ಒಂದು ನಡೆಯುತ್ತದೆ. ಹುಡುಗಿ ಮನೆಯ ಕಟ್ಟಕಡೆಯ ಕೋಣೆಯಲ್ಲಿ ಒಬ್ಬಳೇ ಕೂರುತ್ತಾಳೆ. ಅಪ್ಪ ಕಣ್ಣು ಬಿಟ್ಟು ಹೆದರಿಸಬಾರದು, ಅತ್ತೆಯಾಗುವವಳು ಪಕ್ಕದಲ್ಲಿ ನಿಂತು ಕೆಮ್ಮಬಾರದು ಎಂದು ಹಿರಿಯರು ಮಾಡಿದ ಏರ್ಪಾಡು, ಒಳ್ಳೆಯ ಏರ್ಪಾಡೇ. ನಡುಮನೆಯಲ್ಲಿ ಮೂವರು ಕೂತು ಒಂದೇ ಪ್ರಶ್ನೆ ಕೇಳುತ್ತಾರೆ. ಸ್ಪೀಕರಿನಲ್ಲಿ ಬಂದ ಉತ್ತರವೇ ಕೊನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂತಿಯವನು ಹಾಜರಿರಬೇಕು, ಮೊದಲ ಸಿಹಿ ಅವನ ಬಾಯಿಗೆ.

ಅವತ್ತು ಮೂವರೆಂದರೆ ಕರಿಬಸಪ್ಪನವರು, ಹುಡುಗನ ಸೋದರಮಾವ ಗಂಗಪ್ಪಯ್ಯ, ಮತ್ತು ಬೀದಿಯ ಹಿರಿಯರೊಬ್ಬರು. ಗಂಗಪ್ಪಯ್ಯ ಗಂಟಲು ಸರಿಮಾಡಿಕೊಂಡು, "ತಾಯಿ, ನಮ್ಮ ಹುಡುಗನ್ನ ಮದುವೆ ಆಗೋಕೆ ನಿನಗೆ ಒಪ್ಪಿಗೆ ಇದೆಯೋ ಇಲ್ವೋ?" ಎಂದು ಕೇಳಿದರು. ಸ್ಪೀಕರಿನಿಂದ ಸ್ಪಷ್ಟವಾಗಿ, "ನನಗೆ ಒಪ್ಪಿಗೆ" ಎಂದು ಬಂತು. ಕರಿಬಸಪ್ಪನವರು ಕಣ್ಣೊರೆಸಿಕೊಂಡರು. ನಾನು ಎರಡು ಪೇಡ ತಿಂದೆ. ಬರುವ ಸೋಮವಾರ ನಿಶ್ಚಿತಾರ್ಥ ಎಂದು ಅಲ್ಲೇ ತೀರ್ಮಾನವಾಯಿತು.

ಗುರುವಾರ ಮಧ್ಯಾಹ್ನ ನೀಲಾಂಬಿಕೆ ನನ್ನ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಳು. ಕೈಯಲ್ಲಿ ಇನ್ನೂ ಹಾರ್ಮೋನಿಯಂ ಎಣ್ಣೆಯ ಕಲೆ ಇತ್ತು. ಕೂರು ಎಂದರೂ ಕೂರಲಿಲ್ಲ.

"ವೀರಣ್ಣ, ನಿಮ್ಮ ತಂತಿ ಮಾತು ನುಂಗುತ್ತಾ?"

ನಾನು ನಕ್ಕೆ. "ನುಂಗೋಕೆ ಅದಕ್ಕೇನು ಹೊಟ್ಟೆ ಇದೆಯೇನಮ್ಮ?"

"ನಾನು ಒಪ್ಪಿಗೆ ಇಲ್ಲ ಅಂದೆ. ಅವರಿಗೆಲ್ಲ ಒಪ್ಪಿಗೆ ಅಂತ ಕೇಳಿಸಿದೆ. ಅಪ್ಪಂಗೆ ಹೇಳಿದ್ರೆ, ಮೂರು ಜನ ಕೇಳಿದಾರೆ, ಈಗ ಮಾತು ತಿರುಗಿಸ್ಬೇಡ ಅಂತಾರೆ."

ಹೆದರಿಕೆ ಮುಚ್ಚಿಕೊಳ್ಳಲು ಬಾಯಿಗೆ ಬಂದದ್ದು ಕೇಳಿದೆ. "ಹುಡುಗ ಒಳ್ಳೆಯವನಂತಲ್ಲಮ್ಮ. ಯಾಕೆ ಬೇಡ?"

"ಒಳ್ಳೆಯವರೇ ಇರಬಹುದು. ತಂತಿಶಾಸ್ತ್ರದಲ್ಲಿ ಕಾರಣ ಕೇಳೋ ಪದ್ಧತಿ ಇದೆಯಾ ಅಣ್ಣ?"

"ಇಲ್ಲ."

"ಮತ್ತೆ ನೀವ್ಯಾಕೆ ಕೇಳ್ತೀರಿ?"

ಅಷ್ಟಕ್ಕೇ ಸುಮ್ಮನಿದ್ದರೆ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಬುದ್ಧಿ ನನ್ನದು. "ಹೆದರಿಕೇಲಿ ಕೊನೇ ಮಾತು ಮೆತ್ತಗೆ ಹೇಳಿರ್ತೀಯ. ತಂತಿ ಮೇಲೆ ತಪ್ಪು ಹೊರಿಸಬೇಡ. ನಲವತ್ತು ಮನೇಲಿ ಇದೇ ತಂತಿ ಇದೆ, ಒಬ್ಬರೂ ದೂರು ಹೇಳಿಲ್ಲ" ಅಂದೆ.

ಅವಳು ನನ್ನನ್ನೇ ನೋಡಿದಳು. "ನಾನು ಶ್ರುತಿ ಮಾಡೋಳು ವೀರಣ್ಣ. ನನ್ನ ದನಿ ಎಷ್ಟಿತ್ತು ಅಂತ ನನಗೆ ಗೊತ್ತು" ಎಂದು ಹೇಳಿ ಹೊರಟುಹೋದಳು. ಬೀದಿಗೆ ಇಳಿದ ಮೇಲೆ ಅತ್ತಳೋ ಬೈದಳೋ ನನಗೆ ಕೇಳಿಸಲಿಲ್ಲ. ನಡುವೆ ಹೊಸ್ತಿಲಿತ್ತು.

ಊಟಕ್ಕೆ ಕೂತವನು ಎರಡೇ ತುತ್ತಿಗೆ ಕೈತೊಳೆದೆ. ಎದ್ದು ಅಂಗಡಿಗೆ ಬಂದೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ಸಣ್ಣ ತಂತಿಯಲ್ಲಿ ಸರಿಯಾಗಿ ಹದಿನೆಂಟು ಮಾರು ಅಳೆದು, ಒಂದು ತುದಿಗೆ ಸ್ಪೀಕರು ಕಟ್ಟಿ ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಾತ್ಯಾಯಿನಿಯ ಮುಂದೆ ಇಟ್ಟೆ. "ಏನಾದ್ರೂ ಮಾತಾಡ್ತಾ ಇರು" ಎಂದು ಹೇಳಿ ಅಂಗಡಿಗೆ ಓಡಿ ಬಂದು ಕಿವಿ ಕೊಟ್ಟು ಕೂತೆ.

"ಏನು ಮಾತಾ" ಎಂದು ಬಂತು. ಸ್ವಲ್ಪ ಹೊತ್ತಿನ ಮೇಲೆ "ಸಾರಿಗೆ ಉಪ್ಪು" ಎಂದು ಬಂತು. ಬೇಕೋ, ಸಾಕೋ, ಹೆಚ್ಚಾಗಿದೆಯೋ ತಿಳಿಯಲಿಲ್ಲ. ಆಮೇಲೆ, "ನಂಗೆ ನಿಮ್ಮ ಮೇಲೆ ಕೋಪ" ಎಂದು ಬಂತು. ನಾನು ಎದ್ದುಬಿದ್ದು ಒಳಗೆ ಓಡಿದೆ.

"ಯಾಕೆ ಕೋಪ? ನಾನೇನು ಮಾಡಿದೆ?"

"ಅಯ್ಯೋ, ಕೋಪ ಇಲ್ಲ ಅಂದೆ ಕಣ್ರೀ! ಊಟ ಬಿಟ್ಟು ಎದ್ದು ಹೋದ್ರಲ್ಲ, ನನ್ನ ಮೇಲೆ ಮುನಿಸಿಕೊಂಡಿದೀರೇನೋ ಅಂತ ಹೇಳಿದೆ. ನಾನು ಹೇಳಿದ್ದು ತಂತಿ ಇಲ್ದೇ ಇದ್ರೂ ನಿಮಗೆ ಪೂರ್ತಿ ಕೇಳ್ಸಿದ್ದು ಯಾವತ್ತು?"

ಹೋಗಿ ಬರುವ ಲೆಕ್ಕ ಆಗ ನೆನಪಾಯಿತು. ಮಾತು ಹೊರಡುವಾಗ ಗಟ್ಟಿ ಇರುತ್ತದೆ, ಕೊನೆಗೆ ಬರುವ ಹೊತ್ತಿಗೆ ಉಸಿರು ಇಳಿದಿರುತ್ತದೆ. ಇಳಿದ ಉಸಿರನ್ನು ಮೂವತ್ತಾರು ಮಾರಿನ ಸಣ್ಣ ತಂತಿ ಹೊರಲಾರದೆ ಅಲ್ಲೇ ಎಲ್ಲೋ ಚೆಲ್ಲಿಬಿಡುತ್ತದೆ. ಚೆಲ್ಲುವುದಾದರೂ ಯಾವುದನ್ನು? ನಾವು ಆಡುವ ಮಾತಿನಲ್ಲಿ ಮೊದಲು ಬರುವುದೆಲ್ಲ ಬರೀ ಪೀಠಿಕೆ. ಬೇಕೋ ಬೇಡವೋ, ಉಂಟೋ ಇಲ್ಲವೋ ಎಂಬ ತಿರುಳೆಲ್ಲ ಕೊನೆಯಲ್ಲಿ. ಬೇಡ ಅನ್ನುವುದು ಕೊನೆಯಲ್ಲಿ, ಇಲ್ಲ ಅನ್ನುವುದು ಕೊನೆಯಲ್ಲಿ. ನಾಲ್ಕು ವರ್ಷದಿಂದ ನಾನು ನಲವತ್ತು ಮನೆಗಳಲ್ಲಿ ಇಲ್ಲಗಳನ್ನೇ ಕಿತ್ತುಹಾಕಿದ್ದೆ. ಉಸ್ತಾದರ ಹಳೆಯ ದಪ್ಪ ತಂತಿಯ ಸುರುಳಿ ಅಟ್ಟದಲ್ಲಿತ್ತು, ಅದನ್ನು ಇಳಿಸಿ ಕಟ್ಟಿ ನೋಡಿದೆ. "ಇನ್ನೂ ಎಷ್ಟು ಹೊತ್ತು ಈ ಡಬ್ಬದ ಮುಂದೆ ಕೂತಿರ್ಬೇಕು ನಾನು, ಒಲೆ ಮೇಲೆ ಹಾಲಿದೆ" ಎಂದು ಕಾತ್ಯಾಯಿನಿಯ ಬೈಗುಳ ಬಾಲದ ಸಮೇತ ಬಂತು.

ಹಾಲು ಇಳಿಸಿ ಬಂದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಹುಡುಗಿ ಬಂದದ್ದು, ನಾನು ಹೇಳಿದ್ದು ಎಲ್ಲ. ಅವಳ ಮುಖ ಬದಲಾಯಿತು.

"ಸುಳ್ಳು ಹೇಳಿ ಕಳಿಸಿದ್ರಾ ಆ ಮಗೂನ?"

"ಆಗ ನಂಗೆ ಗೊತ್ತಿರ್ಲಿಲ್ಲ ಕಣೆ."

"ಗೊತ್ತಿಲ್ಲ ಅನ್ನೋದನ್ನಾದ್ರೂ ಹೇಳಬಹುದಿತ್ತಲ್ಲ."

"ಈಗ ಬಾಯಿ ಬಿಟ್ರೆ ನಾಳೆ ಊರೆಲ್ಲ ಬಾಗಿಲಿಗೆ ಬರುತ್ತೆ. ಆ ತಂತಿ ಮೇಲೆ ಎಷ್ಟು ಮದುವೆ ಆಗಿವೆಯೋ, ಎಷ್ಟು ಮನೆ ಪಾಲಾಗಿವೆಯೋ. ಒಬ್ಬೊಬ್ಬರೂ ಬಂದು ಅವತ್ತು ನಾನು ಹಾಗಂದಿರ್ಲಿಲ್ಲ ಅಂದ್ರೆ ಏನ್ ಮಾಡ್ಲಿ?"

"ಬರ್ಲಿ, ಕಾಫಿ ಮಾಡ್ಕೊಡ್ತೀನಿ. ಅವರದ್ದೆಲ್ಲ ಆಗಿಹೋಗಿದೆ, ನಿಧಾನಕ್ಕೆ ನೋಡ್ಕೊಬಹುದು. ಇವಳದ್ದು ಇನ್ನೂ ಆಗಿಲ್ಲ. ಸೋಮವಾರ ಬೆರಳಿಗೆ ಉಂಗುರ ಬಿದ್ಮೇಲೆ ನೀವು ಎಷ್ಟು ದಪ್ಪದ್ದು ಎಳೆದ್ರೇನು?"

ಆದರೂ ಶುಕ್ರವಾರ ನಾನು ಹೋಗಲಿಲ್ಲ. ಏನೋ ಬೇರೆ ಕೆಲಸ ಹಚ್ಚಿಕೊಂಡೆ. ಹೆದರಿದ್ದೆ, ಅಷ್ಟೇ. ಇಪ್ಪತ್ತು ವರ್ಷ 'ವೀರಣ್ಣ ಎಳೆದದ್ದಾ, ಹಾಗಾದ್ರೆ ಸರಿ' ಅನ್ನಿಸಿಕೊಂಡವನಿಗೆ ಆ ಮಾತು ಬಿಟ್ಟು ಬದುಕುವುದು ಹೇಗೆಂದು ಗೊತ್ತಿರಲಿಲ್ಲ. ಕಾತ್ಯಾಯಿನಿ ದಿನವಿಡೀ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಎಲ್ಲ ಪೂರ್ತಿ ಕೇಳಿಸುತ್ತದೆ. ಶನಿವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಉಸ್ತಾದರ ಸುರುಳಿ ಹೆಗಲಿಗೇರಿಸಿದೆ.

ಕರಿಬಸಪ್ಪನವರ ನಡುಮನೆಯಲ್ಲಿ ಗಂಗಪ್ಪಯ್ಯನೂ ಕೂತಿದ್ದರು. ನಿಶ್ಚಿತಾರ್ಥಕ್ಕೆ ಎಷ್ಟು ಜನ, ಏನು ಅಡುಗೆ ಎಂದು ಮಾತು ನಡೆದಿತ್ತು. ನಾನು ಸುರುಳಿ ಕೆಳಗಿಟ್ಟು, ನಿಂತುಕೊಂಡೇ ಹೇಳಿದೆ.

"ಯಜಮಾನ್ರೆ, ನಾಲ್ಕು ವರ್ಷದ ಹಿಂದೆ ನಿಮ್ಮನೆಗೆ ತಪ್ಪು ತಂತಿ ಎಳ್ದಿದೀನಿ. ಇಷ್ಟು ದೂರಕ್ಕೆ ಅದು ಸಾಲದು. ಮಾತಿನ ಕೊನೇದನ್ನ ತಿನ್ನುತ್ತೆ. ಮೊನ್ನೆ ತಂತಿಶಾಸ್ತ್ರದಲ್ಲೂ ತಿಂದಿದೆ."

ಕರಿಬಸಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಏನಯ್ಯ, ಮೂರು ಜನ ಕೇಳಿದೀವಿ. ನೀನೂ ಇಲ್ಲೇ ನಿಂತು ಕೇಳಿದೀಯ. ಪೇಡ ಬೇರೆ ತಿಂದೆ."

"ಕೇಳಿದ್ದು ನಿಜ. ಪೂರ್ತಿ ಕೇಳಿಲ್ಲ."

"ಅವಳು ಬಂದಿದ್ಲಾ ನಿನ್ನ ಹತ್ರ? ಅವಳು ಹೇಳಿಕೊಟ್ಟಿದ್ದಾ ಇದು?"

"ಬಂದಿದ್ರು. ತಂತಿ ಸರಿಯಾಗೇ ಇದೆ ಅಂತ ಸುಳ್ಳು ಹೇಳಿ ಕಳಿಸಿದೆ. ಆ ಸುಳ್ಳು ಹೊತ್ಕೊಂಡು ಇರೋಕಾಗ್ದೆ ಈಗ ಬಂದಿರೋದು. ಇದನ್ನ ಎಳೆದು, ಅದೇ ಪ್ರಶ್ನೆ ಇನ್ನೊಂದ್ಸಲ ಕೇಳಿ. ಅದೇ ಉತ್ತರ ಬಂದ್ರೆ ನಾಳೆಯಿಂದ ನಾನು ಈ ಊರಲ್ಲಿ ತಂತಿ ಮುಟ್ಟಲ್ಲ."

"ಮನೆ ಮರ್ಯಾದ್ಗೆ ಪರೀಕ್ಷೆ ಇಡ್ತೀಯಾ? ಎತ್ತು ನಿನ್ನ ಸಾಮಾನು!" ಎಂದು ಕರಿಬಸಪ್ಪನವರು ಬಾಗಿಲಿನ ಕಡೆ ಕೈ ತೋರಿಸಿದರು. ನಾನು ಎತ್ತುವವನಿದ್ದೆ. ಅಷ್ಟರಲ್ಲಿ ಗಂಗಪ್ಪಯ್ಯ ಬಾಯಿ ಬಿಟ್ಟರು.

"ಎಳೀಲಿ ಬಿಡಿ. ನಮ್ಮ ಮನೆಗೆ ಬರೋ ಹೆಣ್ಣು ಅರ್ಧ ಮಾತಿನ ಮೇಲೆ ಬರೋದು ನಮಗೂ ಬೇಡ."

ಕರಿಬಸಪ್ಪನವರು ಬಾಗಿಲಿಗೆ ತೋರಿಸಿದ್ದ ಕೈ ಕೆಳಗಿಳಿಸಿದರು. ನಾನು ಒಂಬತ್ತು ಹೊಸ್ತಿಲ ಮೇಲೂ ತಂತಿ ಎಳೆದೆ. ಅವರು ಅಷ್ಟು ಆಸೆಪಟ್ಟು ಬಣ್ಣ ಹೊಡೆಸಿದ್ದ ಗೋಡೆಗೆ ಸಾಲಾಗಿ ಮೊಳೆ ಹೊಡೆದೆ. ಕರೆಂಟಿನ ತಂತಿಯಿಂದ ಒಂದು ಮೊಳ ದೂರ ಇಟ್ಟು, ತಿರುವಿನಲ್ಲಿ ಎಳೆ ಮುರಿಯದ ಹಾಗೆ ಬಾಗಿಸಿ, ಇಪ್ಪತ್ತು ವರ್ಷದಲ್ಲಿ ಎಂದೂ ಮಾಡದಷ್ಟು ಜೋಪಾನವಾಗಿ ಮಾಡಿದೆ. ಕಡೆಯ ಕೋಣೆಗೆ ಹೋದಾಗ ನೀಲಾಂಬಿಕೆ ಒಂದು ಹಾರ್ಮೋನಿಯಂನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ನನ್ನ ಹೆಗಲ ಮೇಲಿನ ಸುರುಳಿ ನೋಡಿ, ನಾನು ನಿಲ್ಲಲು ಜಾಗವಾಗಲಿ ಎಂದು ಮಣೆ ಸರಿಸಿಕೊಂಡಳು.

"ತಪ್ಪು ನಂದಮ್ಮ. ಮೊನ್ನೆ ನಾನು ಆಡಿದ್ದೂ ತಪ್ಪು" ಅಂದೆ.

"ಇದು ನುಂಗಲ್ವಾ?" ಎಂದು ತಂತಿಯನ್ನು ಮುಟ್ಟಿ ನೋಡಿದಳು.

"ನುಂಗಲ್ಲ."

"ನೋಡೋಣ" ಅಂದಳು. ಆ ಮಾತಿನಲ್ಲಿ ಆಸೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮಣೆಯ ಮೇಲೆ ಕೈಮಡಿಚಿ ಕೂತಳು.

ನಡುಮನೆಗೆ ಬಂದು ಹಳೆಯ ಬಿಳಿ ತಂತಿ ಬಿಚ್ಚಿ ಹೊಸದನ್ನು ಸಿಕ್ಕಿಸಿದೆ. ಪ್ರಶ್ನೆ ಕೇಳಲು ಗಂಗಪ್ಪಯ್ಯ ಮುಂದೆ ಬಾಗಿದರು. ಕರಿಬಸಪ್ಪನವರು ಅವರನ್ನು ತಡೆದು ಸ್ಪೀಕರನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನೀಲಾ, ಗಿರಣಿ ಮನೆ ಹುಡುಗನ್ನ ಮದುವೆ ಆಗೋಕೆ ನಿನಗೆ ಒಪ್ಪಿಗೆ ಇದೆಯಾ?"

"ನನಗೆ ಒಪ್ಪಿಗೆ ಇಲ್ಲ."

ಪಕ್ಕದಲ್ಲೇ ನಿಂತು ಹೇಳಿದ ಹಾಗಿತ್ತು. ಇಲ್ಲ ಎಂಬುದು ಬೇರೆಲ್ಲದಕ್ಕಿಂತ ಒಂದು ಕೂದಲೆಳೆಯೂ ಮೆತ್ತಗಿರಲಿಲ್ಲ. ಅವಳು ಶ್ರುತಿ ಮಾಡುವವಳೆಂಬುದು ಸುಳ್ಳಲ್ಲ. ಗಂಗಪ್ಪಯ್ಯ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, "ಬೇಜಾರಿಲ್ಲ ಕರಿಬಸಪ್ಪೋರೆ. ಮನೇಲಿ ನಾನು ಹೇಳ್ತೀನಿ" ಎಂದು ಎದ್ದರು. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದ ಮೇಲೆ ಅವರ ಹೆಜ್ಜೆ ಕೇಳಿಸಲಿಲ್ಲ.

ನಾನೂ ಚೀಲಕ್ಕೆ ಇಕ್ಕಳ ಸುತ್ತಿಗೆ ತುಂಬತೊಡಗಿದೆ. ಬೈಗುಳ ಬರುತ್ತದೆ ಎಂದು ಕಾದೆ. ಕರಿಬಸಪ್ಪನವರು ನನ್ನ ಕಡೆ ನೋಡಲೂ ಇಲ್ಲ. ಅವರು ಮತ್ತೆ ಗುಂಡಿ ಒತ್ತಿದರು.

"ನೀಲಾ, ನಿಮ್ಮಮ್ಮನ ಹಾರ್ಮೋನಿಯಂ ಶಾಲೆಯವರಿಗೆ ಕೊಟ್ಬಿಡ್ಲಾ ಅಂತ ಕೇಳಿದ್ದೆನಲ್ಲ ಎರಡು ವರ್ಷದ ಹಿಂದೆ. ಅವತ್ತು ಏನಂದೆ ನೀನು?"

"ಕೊಡಬೇಡಿ ಅಂದೆ ಅಪ್ಪ."

"ನನಗೆ ಕೊಡ ಅನ್ನೋದಷ್ಟೇ ಕೇಳಿಸ್ತು. ಕೊಡಿ ಅಂದಿದೀಯ ಅನ್ಕೊಂಡೆ."

"ಬೇಡ ಅಂದ್ರೂ ಕೊಟ್ರಿ ಅನ್ಕೊಂಡೆ. ಆಮೇಲೆ ಯಾವುದಕ್ಕೂ ಎರಡನೇ ಸಲ ಹೇಳಬೇಕು ಅನ್ನಿಸ್ಲಿಲ್ಲ."

ದೊಡ್ಡ ಮನುಷ್ಯರು ಅಳುವಾಗ ಎಲ್ಲಿ ನೋಡಬೇಕೆಂದು ನನಗೆ ಯಾವತ್ತೂ ತಿಳಿದಿಲ್ಲ. ಕರಿಬಸಪ್ಪನವರು ಕುರ್ಚಿಯ ಕೈಯೂರಿ ಎದ್ದರು. ನಾನು ಕೈಕೊಡಲು ಹೋದೆ, ಬೇಡವೆಂದು ತಲೆಯಾಡಿಸಿದರು. ಗೋಡೆ ಹಿಡಿದುಕೊಂಡು, ಮಂಡಿಯ ಮೇಲೆ ಕೈಯಿಟ್ಟು, ಮೊದಲ ಹೊಸ್ತಿಲು ದಾಟಿದರು. ಅವರು ಉಸ್ಸೆಂದದ್ದು ಅಲ್ಲಿಗೇ ಕತ್ತರಿಸಿಹೋಯಿತು. ಎರಡನೆಯದನ್ನು ದಾಟಿದ್ದು ಕಂಡಿತು, ಮೂರನೆಯದರ ಆಚೆ ಕತ್ತಲಿತ್ತು. ಒಂಬತ್ತು ಹೊಸ್ತಿಲಿಗೆ ಅವರಿಗೆ ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ. ನಾನು ಹಳೆಯ ಬಿಳಿ ತಂತಿಯನ್ನು ಸುತ್ತುತ್ತ ಕೂತೆ.

ಆ ತುದಿಯಲ್ಲಿ ನೀಲಾಂಬಿಕೆ ಗುಂಡಿ ಬಿಟ್ಟಿರಲಿಲ್ಲವೇನೋ, ಸ್ಪೀಕರು ತೆರೆದೇ ಇತ್ತು. ಅದರಲ್ಲಿ ಮಣೆ ಎಳೆದ ಸದ್ದು ಬಂತು. ಏದುಸಿರು ಬಂತು. ಆಮೇಲೆ ಅವರ ದನಿ. "ಇನ್ನೇನೇನು ಬೇಡ ಅಂದಿದ್ದೆ, ಮೊದ್ಲಿಂದ ಹೇಳು ತಾಯಿ. ನಾನು ಇಲ್ಲೇ ಕೂತಿರ್ತೀನಿ."

ಅವಳು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ.

"ತಂತಿ ಹಾಕ್ಸಿದ ದಿನ, ಮಂಡಿನೋವು, ಇನ್ಮೇಲೆ ಸಂಜೆ ನಿನ್ನ ಕೋಣೆಗೆ ಬರೋದು ನಿಲ್ಲಿಸ್ಲಾ ಅಂತ ಕೇಳಿದ್ರಿ. ನಿಲ್ಲಿಸಬೇಡಿ ಅಂದಿದ್ದೆ ಅಪ್ಪ."

ನಾನು ಆಂಪ್ಲಿಫೈಯರು ಆರಿಸಿದೆ.